ಪೆಲೆಟ್ ಗ್ರಿಲ್‌ನ ಶಾಖ ಯಾಕೆ ಏರಿಳಿಯುತ್ತದೆ? ಕಡಲ ಬದಿಯ ಒಂದು ಸೀಸನ್‌ನಲ್ಲಿ ಕಲಿತದ್ದು

ಅಕ್ಟೋಬರ್ ಕೊನೆಯ ಒಂದು ಶನಿವಾರ ಸಂಜೆ ಕಿಚನ್‌ನಿಂದ ಅಡುಗೆಯ ಅಕ್ಕ ಕರೆದರು. "ತಮಾ, ಇದು ಮತ್ತೆ ಇಳೀತು ನೋಡು." ಗ್ರಿಲ್‌ನ ಡಿಸ್‌ಪ್ಲೇ 88 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ನಾವು ಇಟ್ಟಿದ್ದು 225 ಫ್ಯಾರನ್‌ಹೀಟ್, ಅಂದರೆ 107 ಸೆಲ್ಸಿಯಸ್. ಹತ್ತು ನಿಮಿಷ ಬಿಟ್ಟು ನೋಡಿದರೆ 140. ಒಳಗೆ ಕೋಳಿ, ಮೇಲಿನ ತಟ್ಟೆಯಲ್ಲಿ ಇಸೋಣ ಮೀನಿನ ತುಂಡು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಆ ರಾತ್ರಿ ಮೀನು ಒಣಗಿ ಚಕ್ಕೆಯಾಯಿತು, ಕೋಳಿ ಒಳಗೆ ಬೇಯಲಿಲ್ಲ. ಕೊನೆಗೆ ಕೋಳಿಯನ್ನು ತವೆಯಲ್ಲಿ ಹಾಕಿ ಬೇಯಿಸಿ ಕೊಟ್ಟರು.

ನಾನು ಗೋಕರ್ಣದ ಹತ್ತಿರದ ಒಂದು ಚಿಕ್ಕ ರೆಸಾರ್ಟ್‌ನಲ್ಲಿ ಮೇಂಟೆನೆನ್ಸ್ ಕೆಲಸ ಮಾಡುತ್ತೇನೆ. ವೈರಿಂಗ್, ಪಂಪ್, ಎಸಿ, ಫ್ರೀಜರ್, ಎಲ್ಲ ನನ್ನ ಪಾಲಿಗೆ. ಈ ಗ್ರಿಲ್ ಮಾಲೀಕರ ಸಂಬಂಧಿಕರು ಅಮೆರಿಕದಿಂದ ತರಿಸಿಕೊಟ್ಟದ್ದು. ನಮ್ಮ ಕಡೆ ಇದನ್ನು ರಿಪೇರಿ ಮಾಡುವವರು ಇಲ್ಲ. ಹಾಗಾಗಿ ಒಂದೊಂದೇ ಭಾಗ ಬಿಚ್ಚಿ ನೋಡಿ ಕಲಿಯಬೇಕಾಯಿತು.

ಕೇಳಿದಾಗ ಅನಿಸುವಷ್ಟು ಕಷ್ಟದ ಯಂತ್ರವಲ್ಲ. ಪಕ್ಕದ ಡಬ್ಬಿಗೆ, ಅಂದರೆ ಹಾಪರ್‌ಗೆ, ಮರದ ಪುಡಿ ಒತ್ತಿ ಮಾಡಿದ ಕಡ್ಡಿಗಳನ್ನು ತುಂಬುತ್ತೇವೆ. ಅದೇ ಪೆಲೆಟ್. ಸುಮಾರು 6 ಮಿಲಿಮೀಟರ್ ದಪ್ಪ ಇರುತ್ತದೆ. ಅದರ ತಳದಲ್ಲಿ ಒಂದು ಉದ್ದ ಸ್ಕ್ರೂ ತಿರುಗುತ್ತಾ ಪೆಲೆಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬೆಂಕಿಯ ಬಟ್ಟಲಿಗೆ ತಳ್ಳುತ್ತದೆ. ಶುರುವಿಗೆ ಕಿಡಿ ಕೊಡಲು ಒಂದು ಹೀಟರ್ ಕಡ್ಡಿ, ಗಾಳಿಗೆ ಒಂದು ಫ್ಯಾನ್. ಒಳಗಿನ ಶಾಖ ಅಳೆಯಲು ಒಂದು ಸೆನ್ಸರ್. ಆ ಸೆನ್ಸರ್ ಹೇಳಿದ್ದನ್ನು ಕೇಳಿ ಕಂಟ್ರೋಲರ್ ಸ್ಕ್ರೂವನ್ನು ತಿರುಗಿಸುತ್ತದೆ, ನಿಲ್ಲಿಸುತ್ತದೆ. ನಮ್ಮ ಒಲೆಯಲ್ಲಿ ಕಟ್ಟಿಗೆ ಮುಂದೂಡುವ ಕೈ, ಊದುಗೊಳವೆ ಊದುವ ಬಾಯಿ, ಬೆಂಕಿ ನೋಡುವ ಕಣ್ಣು, ಮೂರನ್ನೂ ಇಲ್ಲಿ ಯಂತ್ರಕ್ಕೆ ಕೊಟ್ಟಿದ್ದಾರೆ, ಅಷ್ಟೇ.

ನಾನು ಮೊದಲ ವಾರ ಮಾಡಿದ್ದು ದೊಡ್ಡ ತಪ್ಪು. ಶಾಖ ಇಳಿದರೆ ಸೆಟ್ಟಿಂಗ್ ಏರಿಸಿದೆ, ಏರಿದರೆ ಇಳಿಸಿದೆ. ಹೊಗೆ ಮೋಡ್‌ನಲ್ಲಿ, ಅಂದರೆ ಕಡಿಮೆ ಶಾಖದಲ್ಲಿ ಹೊಗೆ ಕೊಡುವಾಗ, ನಮ್ಮ ಯಂತ್ರದ ಸ್ಕ್ರೂ 15 ಸೆಕೆಂಡ್ ತಿರುಗಿ 65 ಸೆಕೆಂಡ್ ಸುಮ್ಮನಿರುತ್ತದೆ. ಈ ವಿರಾಮ ಬದಲಿಸಲು ಪಿ ಎಂಬ ಸೆಟ್ಟಿಂಗ್ ಇದೆ. ಅದನ್ನೂ ಒತ್ತಿದೆ. ಅಮೆರಿಕದ ಯಂತ್ರಕ್ಕೆ ವೋಲ್ಟ್ ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್ ಬದಲಿಸಿದೆ. ಒಂದೇ ದಿನ ಮೂರು ಕೆಲಸ ಮಾಡಿದ್ದರಿಂದ, ಸಂಜೆ ಸ್ವಲ್ಪ ಸುಧಾರಿಸಿದಾಗ ಯಾವುದರಿಂದ ಸುಧಾರಿಸಿತು ಅಂತ ನನಗೇ ಗೊತ್ತಾಗಲಿಲ್ಲ. ಮರುದಿನ ಮತ್ತೆ ಅದೇ ಕತೆ.

ಆಮೇಲೆ ಎಲ್ಲ ಸೆಟ್ಟಿಂಗ್ ಹಳೆಯದಕ್ಕೆ ತಂದೆ. ಒಲೆಯೊಳಗೆ ಇಡಬಹುದಾದ ಬೇರೆ ಒಂದು ಥರ್ಮಾಮೀಟರ್ ತಂದು ಜಾಲರಿಯ ನಡುವೆ ಇಟ್ಟೆ. ಒಳಗೆ ಏನೂ ಬೇಯಿಸದೆ, ಮುಚ್ಚಳ ತೆಗೆಯದೆ, ಎರಡು ತಾಸು ಸ್ಟೂಲ್ ಹಾಕಿ ಕೂತೆ. ಎರಡೆರಡು ನಿಮಿಷಕ್ಕೆ ಎರಡು ಅಂಕಿ ಬರೆದೆ: ಡಿಸ್‌ಪ್ಲೇ ಹೇಳಿದ್ದು, ಥರ್ಮಾಮೀಟರ್ ಹೇಳಿದ್ದು. ಮೂರು ದಿನ ಹೀಗೆ ಮಾಡಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಏರಿಳಿತ ಒಂದಲ್ಲ, ಮೂರು ಥರ ಇತ್ತು. ಒಂದೊಂದಕ್ಕೂ ಕಾರಣ ಬೇರೆ.

ಮೊದಲನೆಯದು ಚಿಕ್ಕದು, ಗಡಿಯಾರದ ಹಾಗೆ ಒಂದೇ ಲಯದಲ್ಲಿ ಬರುವುದು. ಏಳೆಂಟು ಡಿಗ್ರಿ ಮೇಲೆ, ಅಷ್ಟೇ ಕೆಳಗೆ. ಇದು ದೋಷವೇ ಅಲ್ಲ. ಪೆಲೆಟ್ ಬಿದ್ದಾಗ ಬೆಂಕಿ ಏರುತ್ತದೆ, ಸ್ಕ್ರೂ ನಿಂತಾಗ ಇಳಿಯುತ್ತದೆ. ಕೋಳಿಗೆ ಇದು ಗೊತ್ತೂ ಆಗುವುದಿಲ್ಲ. ಶಾಖದ ವ್ಯತ್ಯಾಸವನ್ನು ಲೆಕ್ಕ ಹಾಕುತ್ತಲೇ ಪೆಲೆಟ್ ಕೊಡುವ ಹೊಸ ಪಿಐಡಿ ಕಂಟ್ರೋಲರ್ ಇರುವ ಗ್ರಿಲ್‌ಗಳು ಇನ್ನೂ ಹತ್ತಿರ ಹಿಡಿಯುತ್ತವೆ, ಆದರೆ ಹಳೆಯದರಲ್ಲಿ ಇಷ್ಟು ಇದ್ದೇ ಇರುತ್ತದೆ. ಸುಮ್ನೆ ಬಿಡಬೇಕು. ನಾನು ಮೊದಲ ವಾರ ಇದರ ಹಿಂದೆಯೂ ಓಡಿದ್ದೆ.

ಎರಡನೆಯದು ನಿಧಾನವಾಗಿ ಬರುವುದು. ಇಪ್ಪತ್ತು ನಿಮಿಷದಲ್ಲಿ 107ರಿಂದ 88ಕ್ಕೆ ಜಾರಿ, ಆಮೇಲೆ ಒಮ್ಮೆಲೇ 140ಕ್ಕೆ ಹಾರುವುದು. ಎರಡೂ ಥರ್ಮಾಮೀಟರ್ ಒಂದೇ ಮಾತು ಹೇಳುತ್ತಿದ್ದವು. ಅಂದರೆ ಅಳತೆ ಸರಿ ಇದೆ, ಬೆಂಕಿಯೇ ಹಾಗಿದೆ. ಹಾಪರ್ ತೆರೆದು ಕೈ ಹಾಕಿದೆ. ನಡುವೆ ಬಾವಿಯ ಹಾಗೆ ಗುಂಡಿ. ಸ್ಕ್ರೂ ಮೇಲಿನ ಪೆಲೆಟ್ ಖಾಲಿಯಾಗಿದೆ, ಸುತ್ತಲಿನವು ಒಂದಕ್ಕೊಂದು ಅಂಟಿ ನಿಂತಿವೆ. ಸ್ಕ್ರೂ ಬರಿದೇ ತಿರುಗುವಷ್ಟು ಹೊತ್ತು ಬೆಂಕಿ ಬಡವಾಗುತ್ತದೆ. ಶಾಖ ಸಾಲದು ಅಂತ ಕಂಟ್ರೋಲರ್ ಇನ್ನೂ ಜಾಸ್ತಿ ತಿರುಗಿಸುತ್ತದೆ. ಅಷ್ಟರಲ್ಲಿ ಗೋಡೆ ಕುಸಿದು ರಾಶಿ ಪೆಲೆಟ್ ಒಟ್ಟಿಗೆ ಹೋಗುತ್ತದೆ. ಆಗ 140.

ಅಂಟಿದ್ದು ಯಾಕೆ? ಜೂನ್ 1ರಿಂದ ಜುಲೈ 31ರ ತನಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ನಿಷೇಧದ ಕಾಲ. ಮೀನಿಲ್ಲ, ಜನರಿಲ್ಲ, ನಮ್ಮ ರೆಸಾರ್ಟೂ ಅರ್ಧ ಮುಚ್ಚಿರುತ್ತದೆ. ಆ ಇಡೀ ಮಳೆಗಾಲ ಗ್ರಿಲ್‌ಗೆ ಟಾರ್ಪಾಲ್ ಹೊದೆಸಿ ನಿಲ್ಲಿಸಿದ್ದೆವು, ಹಾಪರ್ ತುಂಬ ಪೆಲೆಟ್ ಇದ್ದ ಹಾಗೆಯೇ. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ. ಆದರೆ ನಮ್ಮ ಕರಾವಳಿಯ ಮಳೆಗಾಲದ ಗಾಳಿಯೇ ನೀರು, ಅಲ್ವಾ? ಪೆಟ್ಟಿಗೆಯಲ್ಲಿಟ್ಟ ಚಪ್ಪಲಿಗೂ ಬೂಸ್ಟು ಬರುತ್ತದೆ. ಪೆಲೆಟ್‌ಗೆ ಅಂಟು ಹಾಕಿರುವುದಿಲ್ಲ. ಮರದಲ್ಲೇ ಇರುವ ಲಿಗ್ನಿನ್ ಬಿಸಿ ಮತ್ತು ಒತ್ತಡಕ್ಕೆ ಮೆದುವಾಗಿ ಪುಡಿಯನ್ನು ಹಿಡಿದಿಡುತ್ತದೆ. ಒಳ್ಳೆಯ ಪೆಲೆಟ್‌ನಲ್ಲಿ ತೇವಾಂಶ ನೂರಕ್ಕೆ ಹತ್ತಕ್ಕಿಂತ ಕಡಿಮೆ ಇರಬೇಕು. ಗಾಳಿಯ ತೇವ ಹೀರಿದರೆ ಊದಿ ಸಡಿಲವಾಗಿ ಪುಡಿಯಾಗುತ್ತದೆ. ಆ ಪುಡಿ ಸ್ಕ್ರೂ ಸುತ್ತ ಮೆತ್ತಿಕೊಳ್ಳುತ್ತದೆ. ಉರಿಯುವಾಗಲೂ ಮೊದಲು ನೀರು ಆರಿಸಲು ಶಾಖ ಖರ್ಚಾಗುತ್ತದೆ.

ಪರೀಕ್ಷೆ ಸುಲಭ. ಒಂದು ಪೆಲೆಟ್ ಮುರಿಯಿರಿ. ಟಕ್ ಅಂತ ಮುರಿದು, ಮೈ ಮಿರುಗುತ್ತಿದ್ದರೆ ಒಣಗಿದೆ. ಸದ್ದಿಲ್ಲದೆ ಬೆರಳಲ್ಲೇ ಉದುರಿದರೆ ಬಿಸಾಡಿ. ಬಿಸಿಲಿಗೆ ಒಣಗಿಸಿದರೂ ಊದಿದ್ದು ಮತ್ತೆ ಗಟ್ಟಿಯಾಗುವುದಿಲ್ಲ. ನಾನು ಒಂದು ಇಡೀ ಚೀಲ ಟಾರ್ಪಾಲ್ ಮೇಲೆ ಹರಡಿ ನೋಡಿದ್ದೇನೆ.

ಬಟ್ಟಲಿನ ಕತೆ ಅಕ್ಕನೇ ಹೇಳಿದರು. ನಾನು ಹಾಪರ್ ಬಿಚ್ಚಿಕೊಂಡು ಕೂತಿದ್ದಾಗ ಬಂದು ನಿಂತು ಕೇಳಿದರು, "ಬೂದಿ ಯಾವಾಗ ತೆಗ್ದಿದ್ದೆ?" ನನಗೆ ನೆನಪಿರಲಿಲ್ಲ. "ಮನೇಲಿ ಬೂದಿ ತೆಗೀದೇ ಒಲೆ ಹಚ್ತಾರಾ? ಇದಕ್ಕೆ ಮಾತ್ರ ಎಂತಕ್ಕೆ ಬ್ಯಾಡ?" ಬಟ್ಟಲಿನಲ್ಲಿ ಅರ್ಧ ಬೂದಿ. ಗಾಳಿ ಬರುವ ತೂತುಗಳಲ್ಲಿ ಅರ್ಧ ಮುಚ್ಚಿವೆ. ಹೀಟರ್ ಕಡ್ಡಿ ಬೂದಿಯಲ್ಲಿ ಹೂತುಹೋಗಿತ್ತು. ತೇವದ ಪೆಲೆಟ್‌ನ ಜೊತೆ ಇದೂ ಸೇರಿ ಬೆಂಕಿಗೆ ಉಸಿರೇ ಇರಲಿಲ್ಲ.

ಮೂರನೆಯ ಏರಿಳಿತ ಬೇರೆಯೇ ಜಾತಿ. ಡಿಸ್‌ಪ್ಲೇ ಎರಡು ಸೆಕೆಂಡಿನಲ್ಲಿ 15 ಡಿಗ್ರಿ ಹಾರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ನನ್ನ ಥರ್ಮಾಮೀಟರ್ ಮಾತ್ರ ಅಲುಗಾಡುತ್ತಿರಲಿಲ್ಲ. ಇಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ಎರಡು ಸೆಕೆಂಡಿನಲ್ಲಿ ಅಷ್ಟು ಬಿಸಿಯಾಗಲು ಸಾಧ್ಯವಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಸೆನ್ಸರ್ ದಾರಿ. ನಮ್ಮದರಲ್ಲಿ ಇರುವುದು ಪಿಟಿ100, ಬಿಸಿಯಾದಂತೆ ವಿದ್ಯುತ್ ಪ್ರತಿರೋಧ (ಓಮ್) ಏರುವ ಪ್ಲಾಟಿನಂ ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ 100 ಓಮ್, ಕುದಿಯುವ ನೀರಿನಲ್ಲಿ 138.5 ಓಮ್. ಅಂದರೆ ದಾರಿಯಲ್ಲಿ ಎಲ್ಲಾದರೂ ಒಂದೇ ಒಂದು ಓಮ್ ಜಾಸ್ತಿಯಾದರೆ 2.6 ಡಿಗ್ರಿ ತಪ್ಪು ತೋರಿಸುತ್ತದೆ. ಗ್ರಿಲ್ ತಣ್ಣಗಿದ್ದಾಗ, ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿದೆ. ಸೆನ್ಸರ್ ಬುಡದಲ್ಲಿ 111.5. ಆ ದಿನದ ಬಿಸಿಲಿಗೆ ಅದು ಸರಿ. ಕಂಟ್ರೋಲರ್ ತುದಿಯಲ್ಲಿ ವೈರ್ ಅಲ್ಲಾಡಿಸಿದಂತೆ 113, 119, ಮತ್ತೆ 114. ನಡುವಿನ ಕನೆಕ್ಟರ್ ಬಿಚ್ಚಿದರೆ ಹಸಿರು ಕಿಲುಬು. ಉಪ್ಪು ಗಾಳಿಯ ಕೆಲಸ. ಕಡಲಿನಿಂದ ನೂರು ಹೆಜ್ಜೆ ದೂರದಲ್ಲಿ ನಮ್ಮ ಸ್ವಿಚ್ ಬೋರ್ಡುಗಳೇ ಉಳಿಯುವುದಿಲ್ಲ, ಈ ಪುಟ್ಟ ಪಿನ್ ಎಲ್ಲಿ ಉಳಿಯುತ್ತದೆ?

ಓಮ್ ಜಾಸ್ತಿಯಾದರೆ ಕಂಟ್ರೋಲರ್‌ಗೆ ಒಳಗೆ ಬಿಸಿ ಜಾಸ್ತಿ ಇದ್ದ ಹಾಗೆ ಕಾಣುತ್ತದೆ. ಅದು ಪೆಲೆಟ್ ನಿಲ್ಲಿಸುತ್ತದೆ. ನಿಜವಾದ ಶಾಖ ಇಳಿಯುತ್ತದೆ. ಕನೆಕ್ಟರ್ ಕತ್ತರಿಸಿ ತೆಗೆದು ಹೊಸದು ಹಾಕಿದೆ, ಮೇಲೆ ಗ್ರೀಸ್ ತುಂಬಿದ ಮುಚ್ಚಿಗೆ ಹಾಕಿದೆ. ಸೆನ್ಸರ್ ಕಡ್ಡಿಯ ಮೇಲೆ ಕೊಬ್ಬು, ಮಸಿ ಗಟ್ಟಿಯಾಗಿತ್ತು, ಅದನ್ನು ಒರೆಸಿದೆ. ಆ ಹಾರಾಟ ಅಂದೇ ನಿಂತಿತು.

ಕರೆಂಟ್ ಕಡೆಯೂ ನೋಡಲೇಬೇಕಿತ್ತು. ಇದು 120 ವೋಲ್ಟ್, 60 ಹರ್ಟ್ಸ್ ಯಂತ್ರ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ನಮ್ಮದು 50. ಇದರ ಫ್ಯಾನ್, ಸ್ಕ್ರೂ ಎರಡೂ ಎಸಿ ಮೋಟಾರು, ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತವೆ. ಎರಡೂ ಒಟ್ಟಿಗೆ ನಿಧಾನವಾಗುವುದರಿಂದ ಏರಿಳಿತಕ್ಕೆ ಇದು ಕಾರಣ ಅಲ್ಲ. ಆದರೆ ಮುಚ್ಚಳ ತೆಗೆದ ಮೇಲೆ ಮತ್ತೆ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಇನ್ನೊಂದು, ಅದೇ ಲೈನಿನಲ್ಲಿ ನೀರಿನ ಪಂಪ್ ಇತ್ತು. ಪಂಪ್ ಓಡುವಾಗ ಲೈನಿನಲ್ಲಿ 230ರ ಬದಲು 195 ವೋಲ್ಟ್. ಹೀಟರ್ ಕಡ್ಡಿಯ ಶಾಖ ಆಗ ಮುಕ್ಕಾಲಿಗಿಂತ ಕಡಿಮೆ. ಬೇರೆ ಲೈನ್ ಎಳೆದೆ.

ಮಧ್ಯಾಹ್ನದ ಕಡಲ ಗಾಳಿ ನೇರ ಹೊಡೆಯುತ್ತಿತ್ತು ಅಂತ ಗ್ರಿಲ್ ಅನ್ನು ಕೆಂಪು ಕಲ್ಲಿನ ಗೋಡೆಯ ಮರೆಗೆ ಸರಿಸಿದೆವು, ಹೊಗೆ ಕೊಳವೆಯ ಸುತ್ತ ಜಾಗ ಬಿಟ್ಟು.

ಈಗ ನನಗೆ ಇಂದಿಗೂ ಕಳವಳ ಆಗುವ ಮಾತು. ಒಂದು ದಿನ ಬೆಂಕಿ ಪೂರ್ತಿ ಆರಿತ್ತು. ಕಂಟ್ರೋಲರ್‌ಗೆ ಅದು ಗೊತ್ತಾಗದೆ ಪೆಲೆಟ್ ತಳ್ಳುತ್ತಲೇ ಇತ್ತು. ಹುಡುಗನೊಬ್ಬ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಲು ಹೊರಟಿದ್ದ. ನಾನು ಓಡಿ ಹೋಗಿ ತಡೆದೆ. ಮುಚ್ಚಳ ತೆಗೆದರೆ ಬಟ್ಟಲು ಉಕ್ಕಿ ಪೆಲೆಟ್ ಹೊರಗೆ ಚೆಲ್ಲಿತ್ತು. ಅಷ್ಟು ರಾಶಿಗೆ ಕಿಡಿ ಬಿದ್ದರೆ ಮೊದಲು ದಟ್ಟ ಹೊಗೆ ತುಂಬುತ್ತದೆ, ಆಮೇಲೆ ಅದು ಒಮ್ಮೆಲೇ ಹೊತ್ತಿ ಮುಚ್ಚಳವನ್ನೇ ಎಸೆಯಬಹುದು. ಬೆಂಕಿ ಆರಿದರೆ ಪ್ಲಗ್ ಕಿತ್ತು, ಪೂರ್ತಿ ತಣಿಯಲು ಬಿಟ್ಟು, ಬಟ್ಟಲು ಖಾಲಿ ಮಾಡಿಯೇ ಮತ್ತೆ ಹಚ್ಚಬೇಕು. ಗಿರಾಕಿ ಎಷ್ಟೇ ಅವಸರ ಮಾಡಲಿ. ನಮ್ಮ ಹುಡುಗರಿಗೆಲ್ಲ ಇದನ್ನು ಕೈಯಿಂದಲೇ ಮಾಡಿಸಿ ಕಲಿಸಿದೆ.

ಪೆಲೆಟ್ ದುಬಾರಿ ಅಂತ ಒಬ್ಬರು ಗೇರುಬೀಜದ ಸಿಪ್ಪೆ ಬೆರೆಸಿ ಅಂದರು. ಕುಮಟೆಯಲ್ಲಿ ಗೇರು ಕಾರ್ಖಾನೆಗಳಿವೆ, ಸಿಪ್ಪೆ ಅಗ್ಗ. ಬೇಡವೇ ಬೇಡ. ಆ ಸಿಪ್ಪೆಯ ಎಣ್ಣೆ ಕೈಗೆ ತಾಗಿದರೇ ಗುಳ್ಳೆ ಏಳುತ್ತದೆ, ಅದರ ಹೊಗೆಯಲ್ಲಿ ಊಟ ಬೇಯಿಸಬಾರದು. ಬಾಯ್ಲರ್‌ಗೆ ಮಾಡಿದ ಪೆಲೆಟ್ ಕೂಡ ಬೇಡ, ಅದರಲ್ಲಿ ಯಾವ ಮರ, ಯಾವ ಬಣ್ಣ ಸೇರಿದೆ ಅಂತ ಹೇಳಲಾಗದು.

ಈಗ ಚೀಲ ಒಡೆದ ಕೂಡಲೇ ಪೆಲೆಟ್ ಬಿಗಿ ಮುಚ್ಚಳದ ಡ್ರಮ್‌ಗೆ ಹೋಗುತ್ತದೆ. ರಾತ್ರಿ ಕೆಲಸ ಮುಗಿದು ಗ್ರಿಲ್ ತಣಿದ ಮೇಲೆ ಹಾಪರ್ ಖಾಲಿ ಮಾಡುತ್ತೇವೆ. ಬೆಳಿಗ್ಗೆ ಬೂದಿ ತೆಗೆಯುವುದು ಅಕ್ಕನೇ, ಅದನ್ನು ಬೇರೆಯವರಿಗೆ ಬಿಡುವುದಿಲ್ಲ. ಕೋಳಿಯ ಒಳಗೆ ಕಡ್ಡಿ ಥರ್ಮಾಮೀಟರ್ ಚುಚ್ಚಿ 74 ಡಿಗ್ರಿ ನೋಡಿಯೇ ತೆಗೆಯುತ್ತಾರೆ. ನೋಟ್‌ಬುಕ್ ಗೋಡೆಯ ಮೊಳೆಗೆ ನೇತು ಹಾಕಿದೆ. ಮೊನ್ನೆಯ ಪುಟದಲ್ಲಿ ಅವರದೇ ಅಕ್ಷರ: 104, 109, 111, 106, 103, 108.