ಎಕ್ಸ್‌ಸಿ90: ಚಕ್ರ 21 ಇಂಚಿನಿಂದ 20ಕ್ಕೆ ಇಳಿಸುವ ಕೆಲಸ

ಗಾಡಿ ವೋಲ್ವೊ ಎಕ್ಸ್‌ಸಿ90, ಮೂರು ಸಾಲು, ಏರ್ ಸಸ್ಪೆನ್ಷನ್. ಈಗಿರುವ ಟೈರ್ 275/40 ಆರ್21. ಓಡಾಟ ಮೈಸೂರು–ಮಂಡ್ಯ ಹೆದ್ದಾರಿ, ಅದರ ಸರ್ವಿಸ್ ರಸ್ತೆ, ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ತುಳಿದ ಆಲೆಮನೆ ದಾರಿ.

ಬಿಚ್ಚಿದಾಗ ಕಂಡದ್ದು

ಎಡ ಮುಂದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರ್ ಚಿವುಟಿಕೊಂಡಾಗ ಒಳಗಿನ ದಾರ ತುಂಡಾಗುತ್ತದೆ, ಆಮೇಲೆ ಗಾಳಿಯನ್ನು ತಡೆಯುವುದು ಬರೀ ರಬ್ಬರ್. ಇದಕ್ಕೆ ಪ್ಯಾಚ್ ಇಲ್ಲ. ರಿಮ್ಮಿನ ಒಳ ಅಂಚೂ ಬಾಗಿದೆ. ಕಾಯಿಸಿ ಬಡಿದು ನೆಟ್ಟಗೆ ಮಾಡಿಕೊಡುವವರು ಸಿಗುತ್ತಾರೆ, ಆದರೆ ಕಾಯಿಸಿದ ಅಲಾಯ್ ಗಟ್ಟಿತನ ಕಳೆದುಕೊಳ್ಳುತ್ತದೆ. ಏಳು ಜನ ಕೂರುವ ಗಾಡಿಗೆ ಆ ಉಳಿತಾಯ ಬೇಡ.

ಒಂದೇ ಟೈರ್ ಬದಲಿಸಿದರೆ ಸಾಲದೇ? ಉಳಿದ ಮೂರರ ಬಟನ್ (ನೆಲಕ್ಕೆ ತಾಗುವ ಮೈಯ ತೋಡಿನ ಆಳ) 4 ಮಿ.ಮೀ., ಹೊಸದರದ್ದು 8. ಸುತ್ತಳತೆಯಲ್ಲಿ 25 ಮಿ.ಮೀ. ಹೆಚ್ಚುಕಡಿಮೆ. ಆಲ್‌ವೀಲ್ ಡ್ರೈವ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಬಲ ಕೊಡುವ ಕ್ಲಚ್ ಆ ವ್ಯತ್ಯಾಸವನ್ನು ನುಂಗುತ್ತಾ ಬಿಸಿಯಾಗುತ್ತದೆ. ಆದ್ದರಿಂದ ನಾಲ್ಕೂ ಹೊಸದು.

ಅಳತೆ

ಟೈರಿನ ಮೇಲಿನ ಮೊದಲ ಅಂಕಿ ಅಗಲ, ಮಿ.ಮೀ.ನಲ್ಲಿ; ಎರಡನೆಯದು ಪಕ್ಕದ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ; ಆರ್ ನಂತರದ್ದು ರಿಮ್ಮಿನ ಇಂಚು. 275/40 ಆರ್21ರಲ್ಲಿ ಪಕ್ಕ 110 ಮಿ.ಮೀ., ಒಟ್ಟು ವ್ಯಾಸ 753. ಕಂಪನಿಯದೇ ಇನ್ನೊಂದು ಅಳತೆ 275/45 ಆರ್20ರಲ್ಲಿ 124, ವ್ಯಾಸ 755.5. ಸ್ಪೀಡೋಮೀಟರ್ ಅಲ್ಲಾಡದೆ ಗುಂಡಿಗೂ ರಿಮ್ಮಿಗೂ ನಡುವೆ 14 ಮಿ.ಮೀ. ರಬ್ಬರ್ ಹೆಚ್ಚು ಸಿಕ್ಕಿತು.

19ಕ್ಕೆ ಇಳಿಯಲು ಕೈ ತುರಿಸುತ್ತದೆ. ಆದರೆ 235/55 ಆರ್19ರ ಪಕ್ಕ 129, ಅಂದರೆ ಇನ್ನು ಐದೇ ಮಿ.ಮೀ. ಲಾಭ; ವ್ಯಾಸ 741ಕ್ಕೆ ಇಳಿದು ಗಾಡಿ 7 ಮಿ.ಮೀ. ಕೆಳಗೆ ಕೂರುತ್ತದೆ. ಅದರ ಹೊರೆ ಸೂಚ್ಯಂಕ 105, ಅಂದರೆ ಟೈರಿಗೆ 925 ಕೆಜಿ. 20 ಇಂಚಿನದರ ಸೂಚ್ಯಂಕ 110, ಹೊರುವುದು 1,060. ಕೊನೆಯ ಸಾಲಿನಲ್ಲೂ ಜನ, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದಾಗ ಆ ಅಂತರ ಬೇಕು. 20 ಗೊತ್ತುಮಾಡಿದ್ದಾಯಿತು.

ರಿಮ್

ಐದು ಬೋಲ್ಟ್, ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) 108 ಮಿ.ಮೀ., ನಡುವಿನ ತೂತು 63.4 ಮಿ.ಮೀ., ಅಗಲ 9 ಇಂಚು, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್‌ಗೆ ತಾಗುವ ಮೈಗಿರುವ ದೂರ) 38.5 ಮಿ.ಮೀ., ಬೋಲ್ಟ್ ಎಂ14 (14 ಮಿ.ಮೀ. ದಪ್ಪ), ಎಳೆ 1.5. ಹಳೆ ಮಾಲಿನ ಅಂಗಡಿಗಳಲ್ಲಿ ಜರ್ಮನ್ ಗಾಡಿಗಳ 112 ಪಿಸಿಡಿ ರಿಮ್ ಧಾರಾಳ. ‘ನಾಲ್ಕೇ ಮಿಲ್ಲಿಮೀಟರ್ ಸಾರ್, ಕೂರುತ್ತೆ’ ಅನ್ನುತ್ತಾರೆ. ಕೂರುವುದಿಲ್ಲ: ಬೋಲ್ಟ್ ಓರೆಯಾಗಿ ಬಿಗಿಯುತ್ತದೆ, ಓಡಿದಂತೆ ಸಡಿಲವಾಗುತ್ತದೆ. ಕಂಪನಿಯದಲ್ಲದ ರಿಮ್ಮುಗಳ ನಡುವಿನ ತೂತು ಸಾಮಾನ್ಯವಾಗಿ ದೊಡ್ಡದು, ಆ ಸಂದನ್ನು ತುಂಬಿ 63.4ಕ್ಕೆ ಹೊಂದಿಸುವ ಹಬ್ ರಿಂಗ್ ಹಾಕದಿದ್ದರೆ ಹೆದ್ದಾರಿಯ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದು. ರಿಮ್ಮಿನ ಒಳಮೈಯಲ್ಲಿ ಅಚ್ಚಾಗಿರುವ ಹೊರೆಮಿತಿ, ಗಾಡಿಯ ಫಲಕದಲ್ಲಿರುವ ಹಿಂದಿನ ಆಕ್ಸಲ್ ತೂಕದ ಅರ್ಧಕ್ಕಿಂತ ಹೆಚ್ಚಿರಬೇಕು. ಅಚ್ಚೇ ಇಲ್ಲದ ರಿಮ್ ಎಷ್ಟು ಚೆಂದವಿದ್ದರೂ ವಾಪಸ್.

ಟೈರ್ ಜಾತಿ

ಆಲ್ ಟೆರೇನ್ (ಕಚ್ಚಾ ದಾರಿಗೂ ಆಗುವ ಒರಟು ಬಟನ್ನಿನ ಟೈರ್) ಬೇಡ. ಮೂರನೇ ಸಾಲು ಹಿಂದಿನ ಚಕ್ರದ ನೆತ್ತಿ ಮೇಲೇ ಇದೆ. ಅದರ ಗುಂಯ್‌ಗುಡುವಿಕೆ ಕೇಳುವುದು ಡ್ರೈವರಿಗಲ್ಲ, ಹಿಂದೆ ಕೂತ ಮಕ್ಕಳಿಗೆ. ಒಳಗೆ ಫೋಮ್ ಅಂಟಿಸಿದ ಟೈರ್ ಮೌನವಾಗಿರುತ್ತದೆ, ಆದರೆ ಒಳಗಿನಿಂದ ಪ್ಯಾಚ್ ಹಾಕಲು ಫೋಮ್ ಕತ್ತರಿಸಬೇಕು. ಹಳ್ಳಿ ಪಂಕ್ಚರ್ ಅಂಗಡಿಯಲ್ಲಿ ಅದು ಕಿರಿಕಿರಿ. ಫೋಮ್ ಇಲ್ಲದ, ಹೆದ್ದಾರಿ ಓಟದ ಟೂರಿಂಗ್ ಟೈರೇ ಸರಿ. ಮೈಸೂರು ವಿಕ್ರಾಂತ್ ಟೈರ್ ಕಾರ್ಖಾನೆಯ ಊರಾದರೇನು, ಈ ಅಳತೆ ತರಿಸಿಕೊಳ್ಳಬೇಕಾದದ್ದೇ. ಬಂದ ತಕ್ಷಣ ನಾಲ್ಕೂ ಟೈರಿನ ತಯಾರಿ ಸಂಖ್ಯೆ ನೋಡಿ: 1225 ಅಂದರೆ 2025ರ 12ನೇ ವಾರ.

ಕೂರಿಸಿದ್ದು

ಜ್ಯಾಕ್ ಕೊಡುವ ಮೊದಲು ಪರದೆಯ ಸೆಟ್ಟಿಂಗ್ಸ್‌ನಲ್ಲಿ ಲೆವೆಲಿಂಗ್ ಆಫ್ ಮಾಡಬೇಕು. ಇಲ್ಲದಿದ್ದರೆ ಎತ್ತಿದ ಗಾಡಿಯನ್ನು ಏರ್ ಸಸ್ಪೆನ್ಷನ್ ತಾನೇ ಸಮ ಮಾಡಲು ಹೊರಡುತ್ತದೆ. ಟೈರಿನಲ್ಲಿ ‘ಔಟ್‌ಸೈಡ್’ ಎಂದು ಬರೆದ ಪಕ್ಕ ಹೊರಗೆ. ಬೋಲ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ ಮೊದಲು ಕೈಯಲ್ಲಿ, ಆಮೇಲೆ ಟಾರ್ಕ್ ವ್ರೆಂಚಿನಲ್ಲಿ 140 ನ್ಯೂಟನ್ ಮೀಟರ್. ಗಾಳಿ ಗನ್ನಿನಲ್ಲಿ ಬಿಗಿದರೆ ದಾರಿಯಲ್ಲಿ ಸ್ಟೆಪ್ನಿ ಹಾಕುವ ದಿನ ಕೈಪಾನಾದಲ್ಲಿ ಬಿಚ್ಚಲು ಆಗುವುದಿಲ್ಲ.

ಗಾಳಿ ಬೆಳಗ್ಗೆ, ಟೈರ್ ತಣ್ಣಗಿರುವಾಗ, ಬಾಗಿಲ ಕಂಬದ ಸ್ಟಿಕ್ಕರಿನಂತೆ. ತುಂಬಿದ ಗಾಡಿಗೆ ಬೇರೆ ಅಂಕಿ ಇದೆ. ನೈಟ್ರೋಜನ್‌ಗೆ ದುಡ್ಡು ಕೊಡುವ ಅಗತ್ಯವಿಲ್ಲ.

ಬಾಕಿ: 100 ಕಿ.ಮೀ. ಓಡಿದ ಮೇಲೆ ಬೋಲ್ಟುಗಳ ಟಾರ್ಕ್ ಮರುಪರೀಕ್ಷೆ, ಹಳೆ ಟೈರುಗಳ ಒಳ ಅಂಚು ಹೆಚ್ಚು ಸವೆದಿದ್ದರಿಂದ ಅಲೈನ್‌ಮೆಂಟ್.