ಪೆನ್ಸಿಲ್ ಗುರುತು

ಇವತ್ತು 20ನೇ ತಾರೀಖು. ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೇ ದಿನ, ನಮ್ಮ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಫೀಸಿನಲ್ಲಿ ಫೋನಿಗೆ ಬಿಡುವೇ ಇರಲಿಲ್ಲ.

ಸಂಜೆ ನಮ್ಮಲ್ಲಿ ಸಿಎ ತರಬೇತಿಗಿರುವ ಆರ್ಟಿಕಲ್ ಹುಡುಗಿ ಒಂದು ಬಿಲ್ ಹಿಡಿದು ಬಂದಳು. ಅಂಚಿನಲ್ಲಿ ಪೆನ್ಸಿಲ್‌ನಿಂದ ಹಾಕಿದ ಸಣ್ಣ ಸುತ್ತು. "ಸರ್, ಇದು 2ಬಿಯಲ್ಲಿ ಬಂದಿಲ್ಲ, ಕ್ರೆಡಿಟ್ ತಗೊಳ್ಳೋ ಹಾಗಿಲ್ಲ." 2ಬಿ ಅಂದ್ರೆ ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ; ಅದರಲ್ಲಿ ಇಲ್ಲದ ಬಿಲ್‌ಗೆ ಕೊಟ್ಟ ತೆರಿಗೆಯನ್ನು ಕ್ಲೈಂಟ್ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳೋ ಹಾಗಿಲ್ಲ. ಆ ಫೈಲ್ ನಾನು ಮಧ್ಯಾಹ್ನವೇ ನೋಡಿ ಸರಿ ಇದೆ ಅಂದಿದ್ದೆ. ಅದು ಅವಳಿಗೂ ಗೊತ್ತು. ಆದರೂ ಬಂದಳು ನೋಡಿ.

ಕ್ಲೈಂಟ್‌ಗೂ ಅವಳೇ ಫೋನ್ ಮಾಡಿದಳು. ಸಪ್ಲೈಯರ್ ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಈ ಬಿಲ್ ತೋರಿಸಿಲ್ಲ, ಅವರು ತೋರಿಸಿದ ಮೇಲೆ ತಗೊಳ್ಳೋಣ ಅಂತ ಸಮಾಧಾನವಾಗಿ ಹೇಳಿದಳು. ನಾನು ಸುಮ್ನೆ ಕೇಳಿಸಿಕೊಂಡು ಕೂತಿದ್ದೆ.

ಫರ್ಮ್ ಬೆಳೆಸೋದು ಅಂದ್ರೆ ಕ್ಲೈಂಟ್‌ಗಳು ಜಾಸ್ತಿ ಆಗೋದು ಅಂತಲೇ ಇಷ್ಟು ವರ್ಷ ಯೋಚಿಸುತ್ತಿದ್ದೆ. ಆದರೆ ಒಬ್ಬ ಸಿಎಗೆ ವರ್ಷಕ್ಕೆ 60 ಟ್ಯಾಕ್ಸ್ ಆಡಿಟ್ ಮಿತಿ, ಒಬ್ಬನೇ ಇದ್ದರೆ ಅಲ್ಲಿಗೆ ನಿಂತುಹೋಗುತ್ತದೆ, ಅಲ್ವಾ? ಪಕ್ಕದಲ್ಲಿ ಕೂತು ಸಹಿ ಹಾಕುವವರು ಬೇಕು, ನಾನು ತಪ್ಪಿದಾಗ ನನ್ನನ್ನೇ ತಡೆಯುವಂಥವರು. ಆರ್ಟಿಕಲ್‌ಶಿಪ್ ಮೊದಲು 3 ವರ್ಷ ಇತ್ತು, ಈಗ 2. ಕೆಲಸ ಕೈಗೆ ಹತ್ತುವಷ್ಟರಲ್ಲಿ ಮಕ್ಕಳು ಹೊರಡುತ್ತಾರೆ.

ಅವಳಿಗೆ ಇನ್ನು 7 ತಿಂಗಳಿದೆ. ಪಾಸಾದ ಮೇಲೆ ಇಲ್ಲಿಗೇ ಬಾ ಅಂತ ನಾಳೆಯೇ ಕೇಳಬೇಕು. ಆ ಬಿಲ್ ಇನ್ನೂ ನನ್ನ ಟೇಬಲ್ ಮೇಲಿದೆ.