ಮಟ್ಟಾಂಚೇರಿ: ಮೆಣಸಿನ ದರ ಹುಟ್ಟುವ ಕೇರಿ

ತೀರ್ಥಹಳ್ಳಿ ಸೀಮೆಯಲ್ಲಿ ಕಾಳುಮೆಣಸು ಕೊಯ್ದು ಒಣಗಿಸಿದವರು ಮಾರುವ ಮುನ್ನ ಕೇಳುವುದು ಒಂದೇ ಮಾತು: ‘ಕೊಚ್ಚಿಯಲ್ಲಿ ಇವತ್ತು ಎಷ್ಟಂತೆ?’ ಅಡಿಕೆಗೆ ಶಿವಮೊಗ್ಗದ ಮಂಡಿಯ ಧಾರಣೆ ಸಾಕು. ಮೆಣಸಿನ ಮಟ್ಟಿಗೆ ನಮ್ಮ ಕಿವಿ ಇಂದಿಗೂ ಆ ಬಂದರಿನ ಕಡೆಗೇ. ಆ ದರ ಹುಟ್ಟುವ, ಕೊಚ್ಚಿಯ ಹಳೆಯ ವ್ಯಾಪಾರದ ಕೇರಿ ಮಟ್ಟಾಂಚೇರಿಯನ್ನು ಕಣ್ಣಾರೆ ನೋಡೋಣವೆಂದು ಕೋಣಂದೂರಿನ ಬೆಳೆಗಾರ ಮಿತ್ರರೊಬ್ಬರೊಡನೆ ಆಗುಂಬೆ ಘಾಟಿ ಇಳಿದು, ಮಂಗಳೂರಿನಲ್ಲಿ ರಾತ್ರಿ ರೈಲು ಹಿಡಿದು ಎರ್ನಾಕುಲಂ ತಲುಪಿದೆವು.

ಹೈಕೋರ್ಟ್ ಜೆಟ್ಟಿಯಿಂದ ಮಟ್ಟಾಂಚೇರಿಯ ಪಕ್ಕದ ಫೋರ್ಟ್ ಕೊಚ್ಚಿಗೆ ಜಲಮೆಟ್ರೋ ಇದೆ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಈ ಸೇವೆಯ ದೋಣಿಗಳು ಕೊಚ್ಚಿಯ ಹಡಗುಕಟ್ಟೆಯಲ್ಲೇ ತಯಾರಾದವು. ಬ್ಯಾಟರಿಯಿಂದ ಓಡುವುದರಿಂದ ಹೊಗೆಯಿಲ್ಲ, ಗದ್ದಲವೂ ಕಡಿಮೆ. ಎಡಕ್ಕೆ ಕಾಣುವ ವಿಲ್ಲಿಂಗ್ಡನ್ ದ್ವೀಪವನ್ನು ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರ ಮೇಲ್ವಿಚಾರಣೆಯಲ್ಲಿ ಹಿನ್ನೀರಿನ ಹೂಳೆತ್ತಿ ಕಟ್ಟಲಾಯಿತು. ಬಲಕ್ಕೆ ವಲ್ಲಾರ್‌ಪಾಡಂನಲ್ಲಿ 2011ರಲ್ಲಿ ಉದ್ಘಾಟನೆಗೊಂಡ ಕಂಟೇನರ್ ಟರ್ಮಿನಲ್ಲಿನ ಕ್ರೇನುಗಳು. ಹಡಗುಗಳು ಮೊದಲು ಆ ದ್ವೀಪಕ್ಕೆ, ಕಂಟೇನರುಗಳು ಆಮೇಲೆ ಈ ಟರ್ಮಿನಲ್ಲಿಗೆ ಹೋದ ಮೇಲೆ ಮಟ್ಟಾಂಚೇರಿಯ ಪಾಲಿಗೆ ಉಳಿದದ್ದು ಗೋದಾಮುಗಳು ಮತ್ತು ದರ.

ಮಟ್ಟಾಂಚೇರಿಯ ಬಜಾರ್ ರಸ್ತೆಯ ಗೋದಾಮುಗಳಿಗೆ ಮುಂದೆ ಬೀದಿ, ಹಿಂದೆ ಹಿನ್ನೀರು. ಸರಕು ದೋಣಿಯಲ್ಲಿ ಬಂದು ಹಿಂಬಾಗಿಲಿನಿಂದ ಒಳಸೇರುತ್ತಿತ್ತು. ಈಗ ಲಾರಿ ಆ ಇಕ್ಕಟ್ಟಿನಲ್ಲಿ ನಿಂತರೆ ಬೀದಿಯೇ ನಿಲ್ಲುತ್ತದೆ. ಅಷ್ಟಾದರೂ ಚೀಲ ಇಳಿಸುವ ಹಮಾಲರ ಕೆಲಸಕ್ಕೆ ಒಂದು ಕ್ರಮವಿದೆ, ಅದು ಸುಲಭವಾಗಿ ಬಂದದ್ದಲ್ಲ. ಹಿಂದೆ ಇಲ್ಲಿ ‘ಚಾಪ್ಪ’ ಎಂಬ ಪದ್ಧತಿಯಿತ್ತು: ಕೂಲಿಗೆ ಕಾದು ನಿಂತ ಗುಂಪಿನ ಮೇಲೆ ಲೋಹದ ಬಿಲ್ಲೆಗಳನ್ನು ಎಸೆಯುತ್ತಿದ್ದರು, ಕಿತ್ತಾಡಿ ಹಿಡಿದುಕೊಂಡವನಿಗೆ ಆ ದಿನದ ಕೆಲಸ. ಅದರ ವಿರುದ್ಧ ನಡೆದ ಹೋರಾಟದಲ್ಲಿ 1953ರ ಸೆಪ್ಟೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಪ್ರವಾಸಿಗರು ಮುಗಿಬೀಳುವುದು 1568ರ ಯಹೂದಿ ಪ್ರಾರ್ಥನಾ ಮಂದಿರಕ್ಕೆ. ಈ ಕಥೆಯನ್ನು ಅವರಿಗೆ ಹೇಳುವವರು ವಿರಳ.

ಹಳೆಯ ಗೋದಾಮುಗಳಲ್ಲಿ ಹಲವು ಈಗ ಕಾಫಿಮನೆ, ಪುರಾತನ ವಸ್ತುಗಳ ಅಂಗಡಿ, ಕಲಾ ಗ್ಯಾಲರಿಗಳಾಗಿವೆ. 1867ರಲ್ಲಿ ಸ್ಥಾಪನೆಯಾದ ಆಸ್ಪಿನ್‌ವಾಲ್ ಕಂಪನಿಯ ಫೋರ್ಟ್ ಕೊಚ್ಚಿಯ ಕಟ್ಟಡದಲ್ಲಿ 2012ರಿಂದ ಬಿನಾಲೆ ಕಲಾಮೇಳ ನಡೆಯುತ್ತಿದೆ. ಗೋಡೆ ಬೀಳುವುದಕ್ಕಿಂತ ಇದು ಮೇಲು, ನಿಜ. ಆದರೆ ಸುಣ್ಣಬಣ್ಣ ಕಂಡ ಬೀದಿಯಿಂದ ಒಳಕ್ಕೆ ತಿರುಗಿದರೆ ಒಂದೇ ಕೋಣೆಯಲ್ಲಿ ಇಡೀ ಸಂಸಾರ ನಡೆಯುವ ಮನೆಗಳು, ಮೊಣಕಾಲೆತ್ತರದ ಹೊಸ್ತಿಲುಗಳು. ಪಶ್ಚಿಮ ಕೊಚ್ಚಿಯ ತಗ್ಗು ಪ್ರದೇಶಗಳಿಗೆ ಉಬ್ಬರದ ನೀರು ನುಗ್ಗುವುದು ಹೊಸತಲ್ಲ. ನಗರಪಾಲಿಕೆ ತುರುತ್ತಿಯಲ್ಲಿ ಬಡವರಿಗಾಗಿ ಎರಡು ಬಹುಮಹಡಿ ವಸತಿ ಕಟ್ಟಡಗಳನ್ನು ಎತ್ತಿಸಿದೆ. ನನ್ನ ಮಟ್ಟಿಗೆ ಈ ಭಾಗದ ಅಭಿವೃದ್ಧಿಯನ್ನು ಅಳೆಯಬೇಕಾದದ್ದು ಕಾಫಿಮನೆಗಳಿಂದಲ್ಲ, ಅವುಗಳಿಂದ.

ಮೆಣಸಿನ ವಾಯಿದಾ ವ್ಯಾಪಾರ, ಅಂದರೆ ಮುಂದೆ ಕೊಡುವ ಸರಕಿಗೆ ಇಂದೇ ದರ ಗೊತ್ತುಮಾಡುವ ವ್ಯಾಪಾರ, 1957ರಲ್ಲಿ ಶುರುವಾದದ್ದು ಇಲ್ಲಿಯ ಯಹೂದಿ ಕೇರಿಯಲ್ಲಿ. ಆಗ ದಲಾಲರು ಕೂಗಿ ಹೇಳುತ್ತಿದ್ದ ದರ ಈಗ ಫೋನಿನ ಪರದೆಗೆ ಬಂದಿದೆ. ಮಿತ್ರರು ಕೊಂಕಣಿಯಲ್ಲಿ ಮಾತಿಗೆಳೆದ ಹಿರಿಯ ವ್ಯಾಪಾರಿಯೊಬ್ಬರು, ಕರ್ನಾಟಕವೇ ಈಗ ಹೆಚ್ಚು ಮೆಣಸು ಬೆಳೆಯುತ್ತದೆ, ಅದರ ಬಹುಪಾಲು ಕೊಚ್ಚಿಗೆ ಬಾರದೆ ನೇರವಾಗಿ ಉತ್ತರದ ಊರುಗಳಿಗೆ ಹೋಗುತ್ತದೆ, ಆದರೂ ಎಲ್ಲರೂ ದರ ಮಾತ್ರ ನಮ್ಮನ್ನೇ ಕೇಳುತ್ತಾರೆ ಎಂದು ನಕ್ಕರು.

ಮಿತ್ರರು ತಮ್ಮ ತೋಟದ ಪಣಿಯೂರು ತಳಿಯ ಮೆಣಸನ್ನು ಮಾದರಿಗೆಂದು ಚೀಲದಲ್ಲಿ ತಂದಿದ್ದರು. ವ್ಯಾಪಾರಿ ಅದನ್ನು ಲೀಟರ್ ಅಳತೆಗೆ ಸುರಿದು, ಮೇಲ್ಭಾಗವನ್ನು ಕೋಲಿನಿಂದ ಸವರಿ ತೂಗಿದರು; ಒಂದು ಲೀಟರ್ ಕಾಳು ಎಷ್ಟು ತೂಗುತ್ತದೆ ಎಂಬುದರ ಮೇಲೆ ಮೆಣಸಿನ ಗುಣ ಅಳೆಯುತ್ತಾರೆ. ಐನೂರ ಐವತ್ತು ಗ್ರಾಮಿಗೆ ತುಸು ಕಡಿಮೆ ಬಂತು. ಬಳಿಕ ಎರಡು ಕಾಳು ಹಲ್ಲಿಗಿಟ್ಟು ಕಡಿದು, ‘ಗಾತ್ರ ಚೆನ್ನಾಗಿದೆ, ತೇವ ಹೋಗಿಲ್ಲ’ ಎಂದರು. ‘ನಮ್ಮಲ್ಲಿ ಬಿಸಿಲು ಕೇಳಿದಷ್ಟು ಸಿಗುವುದಿಲ್ಲ ಮಾರಾಯ್ರೆ’ ಎಂದು ಮಿತ್ರರು ನನ್ನ ಕಡೆ ತಿರುಗಿ ಗೊಣಗಿ, ಆ ಮೆಣಸಿಗೆ ದರದಲ್ಲಿ ಎಷ್ಟು ಕಡಿತ ಹಾಕುತ್ತೀರೆಂದು ವ್ಯಾಪಾರಿಯನ್ನು ಕೇಳತೊಡಗಿದರು.